ಗೋಡೆಯ ಕಾಗದ ಕೀಳುವ ಮುಂಚೆ

ಗೋಡೆಗೆ ಬಣ್ಣದ ಕಾಗದ ಅಂಟಿಸಿಕೊಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅಂಗಡಿಗೆ ಹೋದರೆ ದಪ್ಪ ದಪ್ಪ ಆಲ್ಬಮ್ಮು ಮುಂದಿಟ್ಟು, ಹೂಬಳ್ಳಿ ಬೇಕೇ, ಇಟ್ಟಿಗೆ ಗೋಡೆಯ ಹಾಗೆ ಕಾಣುವುದು ಬೇಕೇ ಅಂತ ಕೇಳುತ್ತಾರೆ. ಒಂದೇ ದಿನದಲ್ಲಿ ಅಂಟಿಸಿ, ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಮೂರು ನಾಲ್ಕು ಮಳೆಗಾಲ ಕಳೆದ ಮೇಲೆ ಅದರ ಅಂಚು ಎದ್ದು, ಮೂಲೆ ಉಬ್ಬಿ, ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ ಬರಲು ಶುರುವಾದಾಗ, ಅದನ್ನು ತೆಗೆಯುವುದು ಹೇಗೆ ಅಂತ ಹೇಳಿಕೊಡುವವರು ಮಾತ್ರ ಯಾರೂ ಇಲ್ಲ. ಆ ಕೆಲಸ ಮನೆಯ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಅಡಿಗೆಮನೆಯಲ್ಲಿ, ಬಚ್ಚಲಲ್ಲಿ ಇರುವ ಸಾಮಾನುಗಳಿಂದಲೇ ಅದು ಆಗುತ್ತದೆ ಕೂಡ.

ನಮ್ಮ ಹಿಂಡಲಗಾ ಎಂದರೆ ದೂರದವರಿಗೆ ಮೊದಲು ಜೈಲು ನೆನಪಾಗುತ್ತದೆ. ಇಲ್ಲಿ ಬಾಳುವೆ ಮಾಡುವ ನಮಗೆ ಮೊದಲು ನೆನಪಾಗುವುದು ಮಳೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿ ನೀರೊಡೆಯುತ್ತದೆ. ಖಾನಾಪುರದ ಕಡೆ, ಜಾಂಬೋಟಿ ಕಣಕುಂಬಿಯ ಕಡೆ ಇದಕ್ಕಿಂತ ಹೆಚ್ಚು. ಇಂಥ ಊರಲ್ಲಿ ಗಣಪತಿ ಹಬ್ಬ ಬರುವುದೂ ಮಳೆಯ ನಡುವೆಯೇ. ಬೆಳಗಾವಿ ಸೀಮೆಯಲ್ಲಿ ಗಣಪತಿ ಎಂದರೆ ಕೇಳಬೇಕೆ? ಹತ್ತು ದಿನ ಮನೆ ತುಂಬ ಜನ. ಗೋಡೆಗೆ ಬಣ್ಣ ಬಳಿದರೆ ಆ ತೇವದಲ್ಲಿ ಒಣಗುವುದಿಲ್ಲ. ಆಗ ಯಾರೋ ಹೇಳುತ್ತಾರೆ, "ವಾಲ್‌ಪೇಪರ್ ಹಚ್ಚಿಬಿಡ್ರಿ, ಒಂದ ದಿನದ ಕೆಲಸ." ನೆನೆದ ಗೋಡೆಯ ಮೇಲೆ ಕಾಗದ ಕುಳಿತುಬಿಡುತ್ತದೆ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೇ ಹುಟ್ಟಿತೇನೋ!

ಕೀಳಲು ಕೈ ಹಾಕುವ ಮೊದಲು ಎರಡು ಸಂಗತಿ ತಿಳಿದುಕೊಳ್ಳಬೇಕು: ಅಂಟಿಸಿದ್ದು ಎಂಥ ಕಾಗದ, ಕೆಳಗಿರುವುದು ಎಂಥ ಗೋಡೆ. ಕಾಣದ ಒಂದು ಮೂಲೆಯಲ್ಲಿ, ಕಪಾಟಿನ ಹಿಂದೆಯೋ ಬಾಗಿಲ ಸಂದಿಯಲ್ಲೋ, ಉಗುರಿನಿಂದ ಅಂಚು ಎಬ್ಬಿಸಿ ನೋಡಿ. ಹಿಂದೆ ಕಾಗದವಿದ್ದು ಅಂಟು ಒಣಗಿ ಪುಡಿಯಾಗಿದ್ದರೆ ಅದು ಗೋಂದು ಕಲಸಿ ಹಚ್ಚಿದ್ದು. ಇದು ನೀರಿಗೆ ಬಗ್ಗುತ್ತದೆ. ಹಿಂಭಾಗವೆಲ್ಲ ಪ್ಲಾಸ್ಟಿಕ್ಕಿನಂತೆ ಜಿಗುಟಾಗಿದ್ದರೆ ಅದು ಸ್ಟಿಕರ್. ಇದು ನೀರಿಗೆ ಜಪ್ಪಯ್ಯ ಅನ್ನುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಮಕ್ಕಳ ಕೋಣೆಗೆ ಅಂಟಿಸುವ ಮೆತ್ತನೆಯ ಇಟ್ಟಿಗೆ ಹಾಳೆಗಳೂ ಸ್ಟಿಕರ್ ಜಾತಿಯವೇ. ಇನ್ನು ನಮ್ಮ ಹಳೆ ಹಂಚಿನ ಮನೆಗಳಲ್ಲಿ ಮೈದಾ ಗಂಜಿಯಿಂದ ಅಂಟಿಸಿದ ಸಂಯುಕ್ತ ಕರ್ನಾಟಕ, ತರುಣ ಭಾರತ ಪತ್ರಿಕೆಗಳು, ಅದರ ಮೇಲೆ ದೇವರ ಕ್ಯಾಲೆಂಡರು. ನಾವು ಹಾಗೆ ಕರೆಯದಿದ್ದರೂ ಅದೂ ವಾಲ್‌ಪೇಪರೇ.

ಗೋಡೆಯ ಪರೀಕ್ಷೆ ಇನ್ನೂ ಸುಲಭ. ಕಾಗದ ಎದ್ದ ಜಾಗವನ್ನು ಬೆರಳಿನಿಂದ ತಿಕ್ಕಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಕೆಳಗೆ ಸುಣ್ಣವೋ ಅಗ್ಗದ ಡಿಸ್ಟೆಂಪರೋ ಇದೆ. ಏನೂ ಹತ್ತದೆ ನುಣುಪಾಗಿದ್ದರೆ ಆಯಿಲ್ ಪೇಂಟ್ ಅಥವಾ ಈಗಿನ ಎಮಲ್ಷನ್. ಉಗುರು ಆಡಿಸಿದರೆ ಗೀರು ಬೀಳುವಷ್ಟು ಮೆತ್ತಗಿದ್ದರೆ ಪಿಓಪಿ ಇಲ್ಲವೇ ಮಣ್ಣಿನ ಗಿಲಾಯಿ. ಇವೆರಡಕ್ಕೂ ನೀರು ಸುರಿಯಬಾರದು.

ಈಗ ಗೋಂದಿನ ಕಾಗದದ ವಿಷಯ. ಮೊಟ್ಟಮೊದಲು ಮೇನ್ ಸ್ವಿಚ್ ತೆಗೆಯಿರಿ. ಒಂದು ಕೋಣೆಯ ಸ್ವಿಚ್ ಆರಿಸಿದರೆ ಸಾಲದು. ಎಷ್ಟೋ ಮನೆಗಳಲ್ಲಿ ಕಾಗದವನ್ನು ಸ್ವಿಚ್‌ಬೋರ್ಡಿನ ಅಂಚಿನ ಒಳಗೇ ತುರುಕಿರುತ್ತಾರೆ, ಅಲ್ಲಿ ನೀರು ಇಳಿದರೆ ಜೀವಕ್ಕೇ ಸಂಚಕಾರ. ಬೋರ್ಡಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ಸುತ್ತ ಒಂದು ಗೇಣು ಜಾಗವನ್ನು ಒಣಗಿದ್ದಾಗಲೇ ಬಿಡಿಸಿಕೊಳ್ಳಿ. ಆಮೇಲೆ ಮಂಚ, ಟ್ರಂಕುಗಳನ್ನು ಕೋಣೆಯ ನಡುವಿಗೆ ಎಳೆದು, ಗೋಡೆಯ ಬುಡಕ್ಕೆ ಹಳೆ ಚಾದರ ಹಾಸಿ. ಕಿಟಕಿ ತೆರೆದಿರಲಿ.

ಈಗಿನ ಕಾಗದಗಳಿಗೆ ಮೇಲೊಂದು ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಇರುವತನಕ ನೀವು ಎಷ್ಟು ನೀರು ಚಿಮುಕಿಸಿದರೂ ಕೆಸುವಿನ ಎಲೆಯ ಮೇಲೆ ಸುರಿದ ಹಾಗೆ. ಆದ್ದರಿಂದ ಮೊದಲು ಒಣಗಿದ ಕಾಗದದ ಮೇಲ್ಪದರವನ್ನೇ ಬಿಡಿಸಬೇಕು. ಕೆಳಗಿನ ಮೂಲೆ ಹಿಡಿದು ನಿಮ್ಮ ಕಡೆಗೆ ಜಗ್ಗಬೇಡಿ. ಗೋಡೆಗೆ ತಾಗಿದಂತೆಯೇ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಬಾಳೆ ಪಟ್ಟೆ ಸುಲಿದ ಹಾಗೆ ಉದ್ದಕ್ಕೆ ಬರುತ್ತದೆ. ಬಾರದಿದ್ದರೆ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಹಗುರಾಗಿ ಗೀರಿ, ನೀರು ಒಳಗಿಳಿಯಲು ದಾರಿ ಮಾಡಿ.

ಉಳಿಯುವುದು ಒಳಗಿನ ಮಾಸಲು ಕಾಗದ. ಅರ್ಧ ಬಕೆಟ್ ಬಿಸಿನೀರು, ಕೈ ತಾಳುವಷ್ಟು ಬಿಸಿ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ದೊಡ್ಡ ಚಮಚ. ಇಷ್ಟೇ ಔಷಧ! ಸೋಪು ನೀರನ್ನು ಕಾಗದದೊಳಕ್ಕೆ ಇಳಿಯುವಂತೆ ಮಾಡುತ್ತದೆ, ಬಿಸಿ ಅಂಟನ್ನು ಮೆದುಮಾಡುತ್ತದೆ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಇದ್ದರೆ ಅದರಿಂದ, ಇಲ್ಲದಿದ್ದರೆ ಹಳೆ ಟವೆಲ್ ಅದ್ದಿ ಹಿಂಡಿ, ಗೋಡೆಗೆ ಒತ್ತಿ. ಮೇಲಿನಿಂದ ಕೆಳಕ್ಕೆ ನೀರು ತಾನೇ ಇಳಿಯುವುದರಿಂದ ಮೇಲಿಂದಲೇ ಶುರುಮಾಡಿ. ಒಂದು ಸಲಕ್ಕೆ ಎರಡು ಮೊಳ ಅಗಲ ಸಾಕು. ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಬೇಳೆ ಬೇಯಲು ಇಟ್ಟು ಬರುವಷ್ಟು ಹೊತ್ತು. ಮತ್ತೊಮ್ಮೆ ಚಿಮುಕಿಸಿ, ರೊಟ್ಟಿ ಮಗುಚುವ ಚಪ್ಪಟೆ ಕೈಯನ್ನು ಗೋಡೆಗೆ ಒರಗಿಸಿ ತಳ್ಳಿದರೆ ಕಾಗದ ಸುರುಳಿಯಾಗಿ ಬರುತ್ತದೆ. ಚೂಪು ಚಾಕು, ಇಳಿಗೆಮಣೆಯ ಹತ್ತಿರ ಹೋಗಬೇಡಿ. ಬಾರದಿದ್ದರೆ ಬಲ ಹಾಕಬೇಡಿ, ಇನ್ನೊಂದು ಸಲ ನೆನೆಸಿ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಈ ಕೆಲಸದಲ್ಲಿ ಗೋಡೆಯ ಮೇಲೇ ಬರೆದು ಕಾಣುತ್ತದೆ: ಬಲ ಹಾಕಿದಲ್ಲೆಲ್ಲ ಗಿಲಾಯಿ ಕಿತ್ತು ಗುಳಿ ಬಿದ್ದಿರುತ್ತದೆ.

ವಿನೆಗರ್ ಹಾಕಬೇಕು ಅಂತ ಬಹಳ ಜನ ಹೇಳುತ್ತಾರೆ. ಸಿಮೆಂಟ್ ಗೋಡೆಗೆ ಒಳ್ಳೆ ಬಣ್ಣ ಬಳಿದು ಅದರ ಮೇಲೆ ಕಾಗದ ಅಂಟಿಸಿದ್ದರೆ, ನಾಲ್ಕು ಲೋಟ ಬಿಸಿನೀರಿಗೆ ಒಂದು ಲೋಟ ವಿನೆಗರ್ ಬೆರೆಸಬಹುದು, ತಪ್ಪಿಲ್ಲ. ಸುಣ್ಣದ ಗೋಡೆಗೆ ಮಾತ್ರ ಬೇಡ. ಹುಳಿ ಸುಣ್ಣವನ್ನು ತಿನ್ನುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಹನಿ ನಿಂಬೆರಸ ಬಿಟ್ಟು ನೋಡಿ, ಬುರುಬುರು ನೊರೆ ಏಳುತ್ತದೆ. ಇನ್ನೊಂದು ಮುಖ್ಯ ಮಾತು: ವಿನೆಗರನ್ನು ಬ್ಲೀಚಿಂಗ್ ಪೌಡರ್ ಜೊತೆ ಎಂದೂ ಸೇರಿಸಬೇಡಿ. ಸೇರಿದರೆ ಏಳುವ ಗಾಳಿ ಕ್ಲೋರಿನ್, ಶ್ವಾಸಕೋಶವನ್ನೇ ಸುಡುತ್ತದೆ. ಒಂದು ದಿನ ಇದು, ಇನ್ನೊಂದು ದಿನ ಅದು ಅಂತಲೂ ಒಂದೇ ಗೋಡೆಯ ಮೇಲೆ ಪ್ರಯೋಗ ಬೇಡ.

ಕಾಗದ ಹೋದ ಮೇಲೆ ಗೋಡೆ ಶುಭ್ರ ಕಂಡರೂ ಅಂಟು ಉಳಿದಿರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಪತ್ತೆಹಚ್ಚಲು ಹೈಸ್ಕೂಲಿನ ವಿಜ್ಞಾನದ ಪಾಠ ನೆನಪು ಮಾಡಿಕೊಳ್ಳಿ. ಅನ್ನದ ಮೇಲೆ ಅಯೋಡಿನ್ ಹಾಕಿ ಮಾಸ್ತರು ತೋರಿಸಿರಲಿಲ್ಲವೆ? ಗಾಯಕ್ಕೆ ಹಚ್ಚುವ ಬೆಟಾಡಿನ್ ಒಂದು ಹನಿಯನ್ನು ನೀರಲ್ಲಿ ತೆಳು ಮಾಡಿ ಗೋಡೆಗೆ ಮುಟ್ಟಿಸಿ. ಗಂಜಿಯ ಅಂಟಿದ್ದರೆ ನೀಲಿಗಪ್ಪು ಆಗುತ್ತದೆ. ಕೆಲವು ಹೊಸ ಪುಡಿಗೋಂದುಗಳಲ್ಲಿ ಗಂಜಿಯ ಅಂಶವೇ ಇರುವುದಿಲ್ಲ, ಅವಕ್ಕೆ ಈ ಬಣ್ಣ ಬರದು. ಆಗ ಒದ್ದೆ ಅಂಗೈ ಇಟ್ಟು ಜಾರುತ್ತದೆಯೇ ನೋಡಿ. ಜಾರಿದರೆ ಬಿಸಿನೀರಲ್ಲಿ ಸ್ಪಂಜು ಅದ್ದಿ ಇನ್ನೊಮ್ಮೆ ಒರೆಸಿ.

ಇಷ್ಟು ಕೈಕೆಲಸ. ಕಾಗದದ ಹಿಂದೆ ಏನು ಕಾಣುತ್ತದೆ ಎನ್ನುವುದು ಇದಕ್ಕಿಂತ ದೊಡ್ಡ ವಿಷಯ.

ನಮ್ಮ ಓಣಿಯಲ್ಲಿ ಒಬ್ಬ ವೈನಿ ಇದ್ದಾರೆ. ಮಾವನವರ ಕಾಲದ ಹಂಚಿನ ಮನೆ, ಮಣ್ಣಿನ ಗೋಡೆ. ನಾಲ್ಕು ವರ್ಷದ ಹಿಂದೆ ಗಣಪತಿಗೆಂದು ಮಗ ಪಡಸಾಲೆಗೂ ಒಳಕೋಣೆಗೂ ಚಂದದ ಕಾಗದ ಹಚ್ಚಿಸಿದ. ಎರಡನೆಯ ಮಳೆಗಾಲದಿಂದ ಒಳಕೋಣೆಯಲ್ಲಿ ಮಲಗುವ ಮೊಮ್ಮಗಳಿಗೆ ರಾತ್ರಿಯಾದರೆ ಕೆಮ್ಮು, ಎದೆಯಲ್ಲಿ ಗೊರಗೊರ. ಡಾಕ್ಟರು ಔಷಧ ಕೊಟ್ಟು, "ಮನೆಯಲ್ಲಿ ತೇವ ಐತೇನ್ರಿ?" ಅಂತ ಕೇಳಿದರಂತೆ. "ಗ್ವಾಡಿ ನೋಡ್ರಿ ಹೆಂಗ ಮಿಂಚ್ತೈತಿ, ತೇವ ಎಲ್ಲಿಂದ ಬರಬೇಕು?" ಅಂದಿದ್ದರು ವೈನಿ. ಕಳೆದ ಮಾರ್ಚಿನಲ್ಲಿ ಅದನ್ನು ತೆಗೆಯೋಣ ಅಂತ ನನ್ನನ್ನು ಕರೆದರು.

ಮೊದಲ ಪಟ್ಟಿ ಎಳೆದಾಗಲೇ ಇಬ್ಬರೂ ಮೂಗು ಮುಚ್ಚಿಕೊಂಡೆವು. ಕಾಗದದ ಬೆನ್ನ ತುಂಬ ಕರಿ ಬೂಷ್ಟು, ಕಾಡಿಗೆ ಚೆಲ್ಲಿದ ಹಾಗೆ. ಮಗುವಿನ ತಲೆಗಿಂಬು ಇಡುವ ಜಾಗದಲ್ಲೇ ಹೆಚ್ಚು. ಮಗುವನ್ನು ಅಜ್ಜಿಯ ತವರಿಗೆ ಕಳಿಸಿ, ನಾವು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಂದುವರಿದೆವು. ಬೂಷ್ಟನ್ನು ಒಣಗಿದ್ದಾಗ ಕೆರೆದರೆ ಅದರ ಪುಡಿ ಮನೆಯೆಲ್ಲ ಹಾರುತ್ತದೆ. ಅದಕ್ಕೇ ಮೊದಲು ಸೋಪಿನ ನೀರು ಹನಿಸಿ ತೇವಮಾಡಿ, ಆಮೇಲೆ ಒರೆಸಿ ತೆಗೆಯಬೇಕು. ಉಬ್ಬಸ ಇದ್ದವರು ಆ ಕೋಣೆಯ ಹತ್ತಿರ ಸುಳಿಯಬಾರದು.

ಎರಡನೆಯ ಗೋಡೆಯಲ್ಲಿ ಬೂಷ್ಟಿಗಿಂತ ಕೆಟ್ಟದ್ದು ಕಂಡಿತು. ಹಂಚಿನ ಕೆಳಗಿನಿಂದ ಸೊಂಟದ ಮಟ್ಟದ ತನಕ ಬಿರುಕು, ಕಿರುಬೆರಳು ಹೋಗುವಷ್ಟು ಅಗಲ. ಒತ್ತಿದರೆ ಮಣ್ಣು ಉದುರುತ್ತಿತ್ತು. ಮೇಲಿನ ಕಾಗದದಲ್ಲಿ ಮಾತ್ರ ಗುಲಾಬಿ ಹೂವು ನಗುತ್ತಿದ್ದವು. ವೈನಿಯ ಮುಖ ಬಿಳಿಚಿಕೊಂಡಿತು. "ನಾಲ್ಕ ವರ್ಷ ಇದರ ಬುಡಕ ಮಲಗೀವಲ್ರೀ" ಅಂತ ಮಂಚದ ಮೇಲೆ ಕುಳಿತುಬಿಟ್ಟರು.

ಅವರು ಹೆದರಿದ್ದಕ್ಕೆ ಕಾರಣ ಇತ್ತು. ನಮ್ಮ ಸೀಮೆಯ ಮಣ್ಣಿನ ಗೋಡೆಗಳು 2019ರ ಆಗಸ್ಟ್ ಮಳೆಯಲ್ಲಿ ಎಷ್ಟು ಬಿದ್ದವು ಎನ್ನುವುದನ್ನು ಯಾರೂ ಮರೆತಿಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮ ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆಂದ ಮನೆಯ ಗೋಡೆ ಕುಸಿದು ಏಳು ಜನ ಹೋದರು, ಮಕ್ಕಳೂ ಇದ್ದರು. ಆ ಮನೆಗೂ ಕಾಗದಕ್ಕೂ ಸಂಬಂಧವಿಲ್ಲ. ನಾನು ಹೇಳುವುದು ಇಷ್ಟು: ಸುಣ್ಣದ ಗೋಡೆ ನೆಂದರೆ ಕಲೆ ಕಾಣುತ್ತದೆ, ಬಿರಿದರೆ ಗೆರೆ ಕಾಣುತ್ತದೆ, ನಾವು ಎಚ್ಚರವಾಗುತ್ತೇವೆ. ಕಾಗದ ಹೊದ್ದ ಗೋಡೆ ಏನನ್ನೂ ಹೇಳುವುದಿಲ್ಲ.

ಅದೇ ವಾರ ಗೌಂಡಿ ಬಂದು ನೋಡಿದ. ಹಂಚು ಎರಡು ಸರಿದು ನೀರು ನೇರ ಗೋಡೆಯ ತಲೆಗೇ ಇಳಿಯುತ್ತಿತ್ತು. ಹೊರಗಿನಿಂದ ಗೋಡೆಯ ಬುಡಕ್ಕೆ ಮಣ್ಣು ಗುಡ್ಡೆ ಬಿದ್ದು ನೀರು ನಿಲ್ಲುತ್ತಿತ್ತು. ಹಂಚು ಕೂಡಿಸಿ, ಮಣ್ಣು ತೆಗೆದು ನೀರು ಹರಿದುಹೋಗಲು ಗಟಾರು ತೋಡಿ, ಬಿರಿದ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಿದ. ಮಂಚವನ್ನು ಅಷ್ಟು ದಿನ ಪಡಸಾಲೆಗೆ ಸಾಗಿಸಿದ್ದರು. ಈ ಸಲದ ಮಳೆಯಲ್ಲಿ ಮಗುವಿನ ಕೆಮ್ಮು ಪೂರ್ತಿ ಹೋಯಿತು ಅಂತ ನಾನು ಹೇಳಲಾರೆ, ರಾತ್ರಿ ಏಳುವುದು ಕಡಿಮೆಯಾಗಿದೆ ಅಂತ ವೈನಿ ಹೇಳುತ್ತಾರೆ.

ಗೋಡೆ ಕಾಗದದ ಹಿಂದಿನ ಬೂಷ್ಟು ಪರದೇಶದಲ್ಲಿ ಇನ್ನೂ ದೊಡ್ಡ ಅನಾಹುತ ಮಾಡಿದ್ದುಂಟು. 1775ರಲ್ಲಿ ಸ್ವೀಡನ್ನಿನ ಷೀಲೆ ಎಂಬ ವಿಜ್ಞಾನಿ ಪಾಷಾಣ ಸೇರಿದ ಒಂದು ಚಂದದ ಹಸಿರು ಬಣ್ಣ ಮಾಡಿದ. ಮುಂದಿನ ಶತಮಾನದಲ್ಲಿ ಯೂರೋಪಿನ ಮನೆ ಮನೆಯಲ್ಲೂ ಹಸಿರು ಕಾಗದ. ತೇವದ ಕೋಣೆಗಳಲ್ಲಿ ಮಲಗಿದವರು ಕಾರಣವಿಲ್ಲದೆ ಕಾಯಿಲೆ ಬೀಳತೊಡಗಿದರು. ಕಾಗದದ ಅಂಟು ತಿಂದು ಬೆಳೆಯುವ ಬೂಷ್ಟು ಆ ಬಣ್ಣದಿಂದ ವಿಷಗಾಳಿ ಎಬ್ಬಿಸುತ್ತದೆ ಎಂದು 1890ರ ದಶಕದಲ್ಲಿ ಇಟಲಿಯ ಗೋಸಿಯೋ ಎಂಬ ವೈದ್ಯ ತೋರಿಸಿಕೊಟ್ಟ. ಈಗಿನ ಕಾಗದದಲ್ಲಿ ಪಾಷಾಣ ಇಲ್ಲ, ಹೆದರಬೇಡಿ. ಆದರೆ ಗಂಜಿ, ತೇವ, ಕತ್ತಲೆ ಮೂರೂ ಕೂಡಿದರೆ ಬೂಷ್ಟಿಗೆ ಹಬ್ಬದೂಟ ಎನ್ನುವುದು ಇಂದಿಗೂ ನಿಜ.

ಪಾಷಾಣ ಇಲ್ಲದಿದ್ದರೂ ಸೀಸ ಇರಬಹುದು. ಕಾಗದದ ಕೆಳಗೆ ಹಳೆಯ ಆಯಿಲ್ ಪೇಂಟ್ ಸಿಕ್ಕರೆ ಅದನ್ನು ಒಣಗಿದ್ದಾಗ ಉಪ್ಪುಕಾಗದದಿಂದ ತಿಕ್ಕಬೇಡಿ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ತೆವಳುವ ಕೂಸಿನ ಕೈಬಾಯಿಗೆ ಹೋಗುವುದು ಒಳ್ಳೆಯದಲ್ಲ. ಒದ್ದೆ ಮಾಡಿಯೇ ಕೆರೆಯಿರಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಬಸುರಿಯರು ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಸ್ಟಿಕರ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೂದಲು ಒಣಗಿಸುವ ಯಂತ್ರ ಇದ್ದರೆ ಒಂದು ಮೂಲೆಗೆ ಬಿಸಿಗಾಳಿ ಹಿಡಿದು, ಅಂಟು ಸಡಿಲವಾದಂತೆ ಮಡಿಚಿ ಮಡಿಚಿ ಎಳೆಯುತ್ತಾ ಹೋಗಿ. ಇದಕ್ಕೆ ಕರೆಂಟು ಬೇಕಲ್ಲ, ಆದ್ದರಿಂದ ಒದ್ದೆ ಕೆಲಸ ನಡೆಯುತ್ತಿರುವ ಕೋಣೆಯಲ್ಲಿ ಇದನ್ನು ಹಿಡಿಯಬೇಡಿ. ಉಳಿದ ಜಿಗುಟಿಗೆ ಬಟ್ಟೆಯ ತುದಿಯಿಂದ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ತಿಕ್ಕಿ, ಎಣ್ಣೆಯ ಪಸೆ ಹೋಗುವತನಕ ಸೋಪಿನ ನೀರಿನಿಂದ ತೊಳೆಯಬೇಕು. ಪಸೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಈ ಎಣ್ಣೆಯ ಉಪಾಯ ಆಯಿಲ್ ಪೇಂಟಿನ ಗೋಡೆಗೆ, ಕಪಾಟಿನ ಬಾಗಿಲಿಗೆ ಮಾತ್ರ. ಸುಣ್ಣದ ಗೋಡೆ ಎಣ್ಣೆ ಕುಡಿದರೆ ಕಲೆ ಹೋಗದು. ಪುಟ್ಟಿಯೇ ಕಿತ್ತು ಬರಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಎದ್ದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ. ಗುಳಿಗೆ ಆಮೇಲೆ ಪುಟ್ಟಿ ತುಂಬಿದರಾಯಿತು.

ಮಣ್ಣಿನ ಗೋಡೆಗೆ ಅಂಟಿಸಿದ ಹಳೆ ಪತ್ರಿಕೆಗಳಿಗೆ ಹಿಂಡಿದ ಬಟ್ಟೆಯ ಪಸೆಯಷ್ಟೇ ಸಾಕು. ನೀರು ಹೆಚ್ಚಾದರೆ ಕಾಗದದ ಜೊತೆ ಗಿಲಾಯಿಯೂ ಕೆಸರಾಗಿ ಇಳಿಯುತ್ತದೆ. ಬಿಡದ ತುಣುಕುಗಳನ್ನು ಬಿಟ್ಟುಬಿಡಿ, ಮಣ್ಣು ಸಗಣಿ ಕಲಸಿ ತೆಳ್ಳಗೆ ಸಾರಿಸಿದರೆ ಮುಚ್ಚಿಹೋಗುತ್ತದೆ.

ಎಲ್ಲ ಬಿಡಿಸಿದ ಮೇಲೆ ಗೋಡೆಯನ್ನು ಬೆತ್ತಲೆಯಾಗಿಯೇ ಎರಡು ಮೂರು ವಾರ ಬಿಡಿ. ನೆಂಟರು ಏನೆಂದುಕೊಂಡಾರು ಎಂದು ನಾಚಬೇಡಿ. ಈ ನಡುವೆ ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಬಹುದು. ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ನೀರು ಬೆವರಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ, ಗೌಂಡಿಯನ್ನು ಕರೆಯಿರಿ. ಹೊರಬದಿಯಲ್ಲಿ ಬೆವರಿದ್ದರೆ ಅದು ಅಡಿಗೆಯ ಹಬೆ, ಒಳಗೆ ಒಣಹಾಕಿದ ಒದ್ದೆ ಬಟ್ಟೆಗಳದ್ದು. ಅದಕ್ಕೆ ಕಿಟಕಿ ತೆರೆದಿಟ್ಟರೆ ಸಾಕು, ರೊಕ್ಕ ಖರ್ಚಿಲ್ಲ.

ಹೀಗೆ ನೋಡಿದರೆ ಕಾಗದ ಬಿಡಿಸಲು ತಕ್ಕ ಕಾಲ ಸಂಕ್ರಾಂತಿಯಿಂದ ಯುಗಾದಿ ದಾಟಿ ಬಸವ ಜಯಂತಿಯವರೆಗೆ. ದಸರೆಗೆ ಮನೆ ಬಳಿಯುವುದು ವಾಡಿಕೆಯಾದರೂ ನಮ್ಮ ಊರಲ್ಲಿ ಆಗ ಗೋಡೆಯ ಹೊಟ್ಟೆಯಲ್ಲಿ ಇನ್ನೂ ಮಳೆ ಇರುತ್ತದೆ.

ಹಳೆ ಮನೆಯ ಗೋಡೆಗೆ ಮತ್ತೆ ಏನು ಬಳಿಯಬೇಕು ಎಂದು ಕೇಳಿದರೆ ನನ್ನ ಮತ ಸುಣ್ಣಕ್ಕೇ. ಹಳತು ಎಂದು ಮೂಗು ಮುರಿಯಬೇಡಿ. ಸುಣ್ಣ ತೇವವನ್ನು ಹೊರಗೆ ಹೋಗಲು ಬಿಡುತ್ತದೆ, ಅದರ ಖಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಹರಳು ಸುಣ್ಣ ತಂದರೆ ಕಬ್ಬಿಣದ ಬಕೆಟ್ಟಿನಲ್ಲಿ ನೀರಿಟ್ಟು ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಮಕ್ಕಳು ದೂರವಿರಲಿ. ಒಂದು ರಾತ್ರಿ ಬಿಟ್ಟು, ಹಳೆ ನೂಲಿನ ಸೀರೆಯಲ್ಲಿ ಸೋಸಿ, ಒಂದು ಹಿಡಿ ಉಪ್ಪು, ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬೆರೆಸಿ. ಮಜ್ಜಿಗೆಯಷ್ಟು ತೆಳುವಾಗಿರಲಿ. ಗೋಡೆಗೆ ನೀರು ಚಿಮುಕಿಸಿ, ಒಂದು ಸಲ ಅಡ್ಡ, ಒಣಗಿದ ಮೇಲೆ ಇನ್ನೊಂದು ಸಲ ಉದ್ದ, ಹೀಗೆ ಮೂರು ಕೈ ಬಳಿಯಿರಿ. ಬಳಿದಾಗ ನೀರಿನ ಹಾಗೆ ಕಂಡು, ಇಷ್ಟೇನಾ ಅನ್ನಿಸುತ್ತದೆ. ಒಣಗಿದ ಮೇಲೆ ಬಿಳುಪು ಏರುತ್ತದೆ.

ಕಿತ್ತ ಕಾಗದದ ರಾಶಿ ಉಳಿಯಿತಲ್ಲ? ನಮ್ಮ ಕಡೆ ಏನೇ ಕಸ ಕಂಡರೂ ಸ್ನಾನದ ನೀರು ಕಾಯಿಸುವ ಒಲೆಗೆ ತುರುಕುವ ಅಭ್ಯಾಸ. ಇದನ್ನು ಮಾತ್ರ ತುರುಕಬೇಡಿ. ಆ ಪ್ಲಾಸ್ಟಿಕ್ ಪದರ ಹೆಚ್ಚಾಗಿ ಪಿವಿಸಿ. ಸುಟ್ಟರೆ ಬರುವ ಹೊಗೆ ಗಂಟಲು ಎದೆ ಎರಡನ್ನೂ ಕೆಡಿಸುತ್ತದೆ. ಬೂಷ್ಟು ಹತ್ತಿದ್ದನ್ನು ಗೊಬ್ಬರದ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ. ರೊಟ್ಟಿ ಮಗುಚುವ ಆ ಕೈಯನ್ನು ಮತ್ತೆ ಅಡಿಗೆಮನೆಗೆ ತರದೆ, ಬಣ್ಣದ ಡಬ್ಬಿಗಳ ಜೊತೆಗೇ ಇಟ್ಟುಬಿಡಿ.